ಲೇಯರ್ ಶಾಸ್ತ್ರ: ಕೊಡಿಗೇಹಳ್ಳಿ ಪದ್ಧತಿ

ಪುಟವಿನ್ಯಾಸದ ತಂತ್ರಾಂಶಗಳಲ್ಲಿ ಲೇಯರ್‌ಗಳನ್ನು ಹೇಗೆ ಜೋಡಿಸಬೇಕು, ಒಳಗಿನ ವಸ್ತುಗಳಿಗೆ ಹೇಗೆ ಹೆಸರಿಡಬೇಕು ಎಂಬುದಕ್ಕೆ ಅಮೆರಿಕದವರು ಬರೆದ ಕೈಪಿಡಿಗಳು ಬೇಕಾದಷ್ಟಿವೆ. ಅವನ್ನು ಓದಿಕೊಂಡು ಕೆಲಸಕ್ಕೆ ಬಂದ ಹುಡುಗರು ಕೊಡಿಗೇಹಳ್ಳಿ ಮುಖ್ಯರಸ್ತೆಯ ಡಿಟಿಪಿ ಅಂಗಡಿಗಳಲ್ಲಿ ಒಂದು ಗಣೇಶನ ಹಬ್ಬವನ್ನೂ ದಾಟಿಲ್ಲ. ಆ ಕೈಪಿಡಿಗಳನ್ನು ಬರೆದ ಮಹನೀಯರಲ್ಲಿ ಯಾರೂ ರಾತ್ರಿ ಹನ್ನೊಂದು ಗಂಟೆಗೆ, ಕುರ್ಚಿಯ ಹಿಂದೆ ಆರು ಜನ ನಿಂತು ಪರದೆಗೆ ಬೆರಳು ಚುಚ್ಚುತ್ತಿರುವಾಗ, ಹತ್ತಡಿ ಎಂಟಡಿಯ ಫ್ಲೆಕ್ಸ್ ಮುಗಿಸಿಕೊಟ್ಟವರಲ್ಲ. ಈ ಕೊರತೆಯನ್ನು ನೀಗಿಸುವ ಸಲುವಾಗಿ, ಕೊಡಿಗೇಹಳ್ಳಿ ಗೇಟಿನಿಂದ ತಿಂಡ್ಲುವಿನವರೆಗೆ, ಸಹಕಾರನಗರದಿಂದ ವಿರೂಪಾಕ್ಷಪುರದವರೆಗೆ ರೂಢಿಯಲ್ಲಿರುವ ಪದ್ಧತಿಯನ್ನು ಇಲ್ಲಿ ಶಾಸ್ತ್ರೀಯವಾಗಿ ನಿರೂಪಿಸಲಾಗಿದೆ. ಹೊಸದಾಗಿ ಕೆಲಸಕ್ಕೆ ಸೇರುವ ಆಪರೇಟರುಗಳು ಇದನ್ನು ಮೌಸಿನ ಪಕ್ಕದಲ್ಲಿ ಇಟ್ಟುಕೊಳ್ಳಬಹುದು. ಅಂಗಡಿ ಮಾಲೀಕರು ಓದದಿದ್ದರೆ ಒಳ್ಳೆಯದು.

1. ಪೂರ್ವೇತಿಹಾಸ

ಪದರ ಜೋಡಿಸುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಯಾವುದಾದರೂ ಮೂರು ಪಟ್ಟಿಕೆಯ ವೀರಗಲ್ಲನ್ನು ನೋಡಿ: ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಶಿವಸಾನ್ನಿಧ್ಯ. ಇಂದಿನ ಹುಟ್ಟುಹಬ್ಬದ ಫ್ಲೆಕ್ಸ್ ಇದೇ ಕ್ರಮವನ್ನು ಉಳಿಸಿಕೊಂಡಿದೆ. ಕೆಳಗೆ ಕಾದಾಡುವ ಕಾರ್ಯಕರ್ತರು, ನಡುವೆ ಹೂಮಳೆಯಲ್ಲಿ ತೇಲುವ ಮುಖಂಡರು, ಮೇಲೆ ದೇವರು ಮತ್ತು ಹೈಕಮಾಂಡ್. ಹನ್ನೆರಡು ನೂರು ವರ್ಷಗಳಲ್ಲಿ ಆಗಿರುವ ಬದಲಾವಣೆ ಎಂದರೆ, ಈಗ ಸಾಯುವ ಅಗತ್ಯವಿಲ್ಲ.

ಇಲ್ಲಿಂದ ಕೂಗಳತೆಯ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗೆಂದು ನೆಲ ಅಗೆಯುವಾಗ ಒಂದು ಶಾಸನ ಸಿಕ್ಕಿತು. ಸುಮಾರು ಕ್ರಿ.ಶ. 750ರದು. ಅದರಲ್ಲಿ ಆಯುಧ ಹಿಡಿದ ವೀರನ ಚಿತ್ರವಿದೆ, ಸುತ್ತ ಬರಹವಿದೆ, ಬರಹದಲ್ಲಿ ಆತನ ಹೆಸರೂ ಇದೆ: ಕಿತ್ತಯ್ಯ. ಚಿತ್ರಕ್ಕೂ ಹೆಸರಿಗೂ ಗಂಟು ಹಾಕಿ ಒಂದೇ ಕಲ್ಲಿನಲ್ಲಿ ಕೊರೆದದ್ದರಿಂದ ಇಷ್ಟು ಶತಮಾನ ಮಣ್ಣಿನ ಪದರದಡಿ ಬಿದ್ದಿದ್ದರೂ ಈತ ಯಾರು ಎಂದು ಯಾರನ್ನೂ ಕೇಳಬೇಕಾಗಿ ಬರಲಿಲ್ಲ. ಸಂಶೋಧಕರು ಇದನ್ನು ಬಹಳ ಮೆಚ್ಚುತ್ತಾರೆ. ವೃತ್ತಿದೃಷ್ಟಿಯಿಂದ ನೋಡಿದರೆ ಮಾತ್ರ ಇದು ದೊಡ್ಡ ಅವಿವೇಕ. ಹೆಸರನ್ನು ಅಷ್ಟು ಸ್ಪಷ್ಟವಾಗಿ ಕೊರೆದ ಆ ಶಿಲ್ಪಿಯನ್ನು ಮತ್ತೆ ಯಾರೂ ಹುಡುಕಿಕೊಂಡು ಹೋಗಲಿಲ್ಲ. ಅವನಿಲ್ಲದೆಯೇ ಎಲ್ಲರಿಗೂ ಎಲ್ಲವೂ ಅರ್ಥವಾಯಿತು.

ಯಂತ್ರಯುಗದ ಇತಿಹಾಸ ಚಿಕ್ಕದು. 1985ರಲ್ಲಿ ಆಲ್ಡಸ್ ಕಂಪನಿ ಪೇಜ್‌ಮೇಕರ್ ತಂದಾಗ ಅದರಲ್ಲಿ ಲೇಯರ್ ಇರಲಿಲ್ಲ. 1994ರಲ್ಲಿ ಫೋಟೋಶಾಪ್ 3.0ಕ್ಕೆ ಲೇಯರ್ ಬಂತು. ಅದೇ ವರ್ಷ ಅಡೋಬಿ ಕಂಪನಿ ಆಲ್ಡಸ್ಸನ್ನೇ ಕೊಂಡುಕೊಂಡಿತು. 1996ರಲ್ಲಿ ಪೇಜ್‌ಮೇಕರ್ 6.5ಕ್ಕೂ ಲೇಯರ್ ಸೇರಿತು. 1999ರಲ್ಲಿ ಇನ್‌ಡಿಸೈನ್ ಹುಟ್ಟಿತು, 2001ರ 7.0ಕ್ಕೆ ಪೇಜ್‌ಮೇಕರಿನ ಆವೃತ್ತಿಗಳು ಮುಗಿದವು, 2004ರಲ್ಲಿ ಅಡೋಬಿ ಅದರ ಅಭಿವೃದ್ಧಿಯನ್ನು ನಿಲ್ಲಿಸಿತು. ಈ ಕೊನೆಯ ಸುದ್ದಿ ನಮ್ಮ ಮದುವೆ ಕಾರ್ಡಿನ ಅಂಗಡಿಗಳಿಗೆ ಇನ್ನೂ ಅಧಿಕೃತವಾಗಿ ತಲುಪಿಲ್ಲ.

2. ವಸ್ತುಗಳ ಸಮಾನತೆ

ಫ್ಲೆಕ್ಸಿನ ಮೇಲ್ಮೈಯಲ್ಲಿ ಹೆಸರಿಲ್ಲದ ಮನುಷ್ಯನೇ ಇರುವುದಿಲ್ಲ. ಹೆಸರಿನ ಹಿಂದೆ ಬಿರುದು, ಮುಂದೆ ಅಣ್ಣ, ಕೆಳಗೆ ಹುದ್ದೆ, ಹುದ್ದೆ ಹೋಗಿದ್ದರೆ ‘ಮಾಜಿ’, ಇನ್ನೂ ಬಂದಿರದಿದ್ದರೆ ‘ಪ್ರಬಲ ಆಕಾಂಕ್ಷಿ’. ಒಂದು ಹೆಸರು ಬಿಟ್ಟುಹೋದರೆ ರಸ್ತೆಯಲ್ಲಿ ಜಗಳವಾಗುತ್ತದೆ, ಎರಡು ಬಿಟ್ಟರೆ ಬಣ ಒಡೆಯುತ್ತದೆ.

ಅದೇ ಫ್ಲೆಕ್ಸಿನ ಫೈಲನ್ನು ತೆರೆದು ಲೇಯರ್ ಪಟ್ಟಿಯನ್ನು ನೋಡಿ. ಬಡವರ ಬಂಧು ಅಲ್ಲಿ ‘ಲೇಯರ್ 14’. ಯುವಕರ ಕಣ್ಮಣಿ ‘ಲೇಯರ್ 14 ಕಾಪಿ’, ಏಕೆಂದರೆ ಕೈಮುಗಿದು ನಿಂತ ಬಿಳಿ ಅಂಗಿಯ ದೇಹ ಇಬ್ಬರಿಗೂ ಒಂದೇ, ತಲೆ ಮಾತ್ರ ಬೇರೆ. ಕೊಡುಗೈ ದಾನಿ ‘ಲೇಯರ್ 14 ಕಾಪಿ 2’. ಕೋರಲ್‌ಡ್ರಾ ತಂತ್ರಾಂಶದಲ್ಲಾದರೆ ಮುಖಂಡರ ಹೆಸರು ‘ಕರ್ವ್’, ಅವರ ಬಿರುದು ‘ಕರ್ವ್’, ಬಿರುದಿನ ಹಿಂದಿನ ಬಂಗಾರದ ಪಟ್ಟಿ ‘ರೆಕ್ಟ್ಯಾಂಗಲ್’. ಕೆಳಗೆ ಅಂಡಾಕಾರದ ಪವರ್‌ಕ್ಲಿಪ್ಪುಗಳಲ್ಲಿ ಮುಖ ಇಣುಕಿಸುತ್ತಿರುವ ವಾರ್ಡಿನ ಅಷ್ಟೂ ಕಾರ್ಯಕರ್ತರು ಸೇರಿ ‘47 ವಸ್ತುಗಳ ಗುಂಪು’.

ಸಂವಿಧಾನದ 14ನೇ ವಿಧಿ ಹೇಳುವ ಸಮಾನತೆ ಸಂಪೂರ್ಣವಾಗಿ ಜಾರಿಯಾಗಿರುವ ಸ್ಥಳ ಬ್ಯಾಟರಾಯನಪುರ ಕ್ಷೇತ್ರದಲ್ಲಿ ಸದ್ಯಕ್ಕೆ ಇದೊಂದೇ. ಸಚಿವರಿಗೂ ಸಚಿವರ ಹಾರಕ್ಕೂ ಇಲ್ಲಿ ಭೇದವಿಲ್ಲ. ಇದನ್ನು ಕಂಡು ಸಂತೋಷಪಡಬೇಕಾದ ಪ್ರಜೆಗಳಿಗೆ ಫೈಲ್ ತೆರೆಯಲು ಬರುವುದಿಲ್ಲ. ತೆರೆಯಲು ಬರುವ ಆಪರೇಟರಿಗೆ ಸಂತೋಷಪಡಲು ಪುರುಸೊತ್ತಿಲ್ಲ.

3. ನಾಮಕರಣ ನಿಷೇಧ

ವಸ್ತುವಿಗೆ ಹೆಸರಿಡುವುದು ಕಷ್ಟವೇನಲ್ಲ. ಪಟ್ಟಿಯಲ್ಲಿ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಹೆಸರು ಟೈಪಿಸಿ, ಎಂಟರ್ ಒತ್ತಿದರಾಯಿತು. ಆದರೂ ಏಕೆ ಇಡಬಾರದು ಎಂಬುದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಭಾಷಾವೈಜ್ಞಾನಿಕ. 2010ರ ಇನ್‌ಡಿಸೈನ್ ಸಿಎಸ್5ರಿಂದ ಲೇಯರ್ ಪಟ್ಟಿಯಲ್ಲಿ ಒಂದೊಂದು ವಸ್ತುವೂ ಪ್ರತ್ಯೇಕವಾಗಿ ಕಾಣುತ್ತದೆ. ಬರಹದ ಚೌಕಟ್ಟಾದರೆ ಅದರ ಮೊದಲ ಕೆಲವು ಪದಗಳನ್ನೇ ತಂತ್ರಾಂಶ ತಾನಾಗಿ ಹೆಸರಾಗಿ ತೋರಿಸುತ್ತದೆ. ಇದು ಇಂಗ್ಲಿಷಿನವರಿಗೆ ಅನುಕೂಲ. ನಮ್ಮಲ್ಲಿ ಬಹುಪಾಲು ಮ್ಯಾಟರ್ ಈಗಲೂ ಯೂನಿಕೋಡ್ ಪೂರ್ವದ ನುಡಿ, ಶ್ರೀಲಿಪಿ ಫಾಂಟುಗಳಲ್ಲಿರುತ್ತದೆ. ಈ ಫಾಂಟುಗಳು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿರುತ್ತವೆ. ಪುಟದಲ್ಲಿ ಫಾಂಟ್ ಇರುವುದರಿಂದ ಕನ್ನಡ ಕಾಣುತ್ತದೆ. ಲೇಯರ್ ಪಟ್ಟಿಗೆ ಆ ಫಾಂಟಿನ ಹಂಗಿಲ್ಲ. ಅದು ನಿಜವನ್ನೇ ತೋರಿಸುತ್ತದೆ. ನುಡಿಯಲ್ಲಿ ‘ಕನ್ನಡ’ ಎಂದು ಬರೆದರೆ ಪಟ್ಟಿಯಲ್ಲಿ ಅದು ರೋಮನ್ ‘ಪಿ’ಯಿಂದ ಆರಂಭವಾಗಿ, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’ಗಳ ಮಧ್ಯೆ ಬ್ರಿಟಿಷ್ ಪೌಂಡಿನ ಚಿಹ್ನೆಯನ್ನು ಇಟ್ಟುಕೊಂಡು ನಿಂತಿರುತ್ತದೆ. ರಾಜ್ಯೋತ್ಸವದ ಕರಪತ್ರದ ಲೇಯರ್ ಪಟ್ಟಿಯನ್ನು ಕನ್ನಡ ಸಂಘದ ಅಧ್ಯಕ್ಷರಿಗೆ ತೋರಿಸಬಾರದು ಎಂಬ ನಿಯಮ ಹುಟ್ಟಿದ್ದು ಹೀಗೆ. ಪ್ರತಿ ‘ನ’ಕಾರಕ್ಕೂ ಒಂದೊಂದು ಪೌಂಡ್ ಕಂಡರೆ ಲೆಕ್ಕ ಕೇಳುವ ಸಂಭವವಿದೆ.

ಮುದ್ರಣಕ್ಕೆ ಕಳಿಸುವಾಗ ಈ ತೊಂದರೆಯೂ ತೀರುತ್ತದೆ. ಪ್ಲಾಟರ್ ಇರುವ ಅಂಗಡಿಯಲ್ಲಿ ನಮ್ಮ ಫಾಂಟ್ ಇರುವ ಭರವಸೆ ಇಲ್ಲದ್ದರಿಂದ ಎಲ್ಲವನ್ನೂ ಕರ್ವ್ ಮಾಡಲಾಗುತ್ತದೆ. ಕರ್ವ್ ಮಾಡಿದ ಮೇಲೆ ಅದು ಬರಹವಲ್ಲ, ಗೆರೆ. ಆಮೇಲೆ ತಪ್ಪು ಕಂಡರೂ ತಿದ್ದಲು ಬರುವುದಿಲ್ಲ. ಹೀಗಾಗಿ ‘ಹಾರ್ಧಿಕ ಶುಭಾಷಯಗಳು’ ಎಂಬುದು ಕಾಗುಣಿತದ ವ್ಯಾಪ್ತಿಯಿಂದ ಪಾರಾಗಿ ಚಿತ್ರಕಲೆಯ ವ್ಯಾಪ್ತಿಗೆ ಬರುತ್ತದೆ.

ಎರಡನೆಯ ಕಾರಣ ಆರ್ಥಿಕ, ಮತ್ತು ಇದೇ ಮುಖ್ಯವಾದದ್ದು. ಹೆಸರಿಟ್ಟ ಫೈಲನ್ನು ಯಾರು ಬೇಕಾದರೂ ತಿದ್ದಬಹುದು. ಹೆಸರಿಡದ ಫೈಲನ್ನು ತಿದ್ದಬಲ್ಲವನು ಜಗತ್ತಿನಲ್ಲಿ ಒಬ್ಬನೇ. ಅವನ ಸಂಬಳವನ್ನು ಕಡಿಮೆ ಮಾಡುವ ಧೈರ್ಯ ಯಾವ ಮಾಲೀಕನಿಗೂ ಇಲ್ಲ. ಆದ್ದರಿಂದ ‘ಲೇಯರ್ 14 ಕಾಪಿ 2’ ಎಂಬುದನ್ನು ಸೋಮಾರಿತನ ಎಂದು ತಿಳಿಯುವುದು ತಪ್ಪು. ಅದು ಭವಿಷ್ಯನಿಧಿ.

ಅನಿವಾರ್ಯವಾದಾಗ ಕೊಡಬಹುದಾದ ಹೆಸರುಗಳು ಮೂರು: ‘ಬೇಕು’, ‘ಬೇಡ’ ಮತ್ತು ‘ಬೇಡ ಆದ್ರೂ ಇರ್ಲಿ’. ಅನುಭವಸ್ಥರ ಫೈಲುಗಳಲ್ಲಿ ಮೂರನೆಯದರೊಳಗೇ ಎಲ್ಲವೂ ಇರುತ್ತದೆ.

4. ಮೇಲು ಕೀಳಿನ ಕ್ರಮ

ಹೆಸರಿನ ವಿಷಯದಲ್ಲಿ ಉದಾರವಾಗಿರುವ ಕೊಡಿಗೇಹಳ್ಳಿ ಪದ್ಧತಿ ಕ್ರಮದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಯಾರ ಭುಜ ಯಾರ ಭುಜದ ಮೇಲೆ ಬರಬೇಕು, ಯಾರ ಹಾರ ಯಾರ ಕಿವಿಯನ್ನು ಮುಚ್ಚಬಹುದು ಎಂಬುದೆಲ್ಲ ಕೂದಲೆಳೆಯಷ್ಟು ನಿಖರವಾಗಿರಬೇಕು. ಕೋರಲ್‌ಡ್ರಾದಲ್ಲಿ ಕಂಟ್ರೋಲ್ ಮತ್ತು ಹೋಮ್ ಒತ್ತಿದರೆ ವಸ್ತು ಪುಟದ ಎಲ್ಲಕ್ಕಿಂತ ಮುಂದೆ ಬರುತ್ತದೆ. ಶಿಫ್ಟ್ ಮತ್ತು ಪೇಜ್ ಅಪ್ ಒತ್ತಿದರೆ ತನ್ನ ಲೇಯರಿನಲ್ಲಿ ಮಾತ್ರ ಮುಂದೆ ಬರುತ್ತದೆ. ಮೊದಲನೆಯದು ಟಿಕೆಟ್, ಎರಡನೆಯದು ನಿಗಮ ಮಂಡಳಿ.

ಈ ಹಂತದಲ್ಲಿ ನಡೆಯುವ ಸಂಭಾಷಣೆ ಎಲ್ಲ ಅಂಗಡಿಗಳಲ್ಲೂ ಒಂದೇ ಬಗೆಯದು.

‘ಗುರುವೇ, ನಮ್ ಅಣ್ಣನ್ನ ಚೂರು ಮುಂದಕ್ ತಗೊಳಪ್ಪ.’

‘ಮುಂದಕ್ ತಗೊಂಡ್ರೆ ದೊಡ್ ಸಾಹೇಬ್ರ ಕೈ ಮುಚ್ಕೊಳ್ತದೆ ಅಣ್ಣ.’

‘ಕೈ ತಾನೆ, ಮುಚ್ಲಿ ಬಿಡು. ಮುಖ ಕಂಡ್ರೆ ಸಾಕು.’

ಹತ್ತು ನಿಮಿಷಕ್ಕೆ ದೊಡ್ಡ ಸಾಹೇಬರ ಕಡೆಯವರು ಫೋನಿನಲ್ಲಿ ಪ್ರೂಫ್ ನೋಡುತ್ತಾರೆ. ಕೈ ಹೊರಗೆ ಬರುತ್ತದೆ, ಅಣ್ಣ ಒಳಗೆ ಹೋಗುತ್ತಾರೆ. ಇದಕ್ಕೆ ಪರಿಹಾರವಾಗಿ ಎಲ್ಲರನ್ನೂ ಮುಂದಿಡುವ ತಂತ್ರವೊಂದಿದೆ: ಪ್ರತಿಯೊಬ್ಬರನ್ನೂ ಬೇರೆಬೇರೆ ನಿಲ್ಲಿಸಿ, ನಡುವೆ ಯಾರೂ ಯಾರನ್ನೂ ಮುಟ್ಟದಷ್ಟು ಜಾಗ ಬಿಡುವುದು. ಇದಕ್ಕೆ ಎಂಟಡಿಯ ಬದಲು ಇಪ್ಪತ್ತಡಿಯ ಫ್ಲೆಕ್ಸ್ ಬೇಕಾಗುತ್ತದೆ. ದರ ಚದರಡಿಯ ಲೆಕ್ಕದಲ್ಲಿ ಇರುವುದರಿಂದ ಅಂಗಡಿಯವರು ಇದನ್ನೇ ಶಿಫಾರಸು ಮಾಡುತ್ತಾರೆ. ಬಣರಾಜಕೀಯದಿಂದ ಲಾಭ ಮಾಡಿಕೊಂಡ ಏಕೈಕ ಪ್ರಾಮಾಣಿಕ ವರ್ಗ ಇವರದು.

ಅಂಗಡಿ ಫಲಕಗಳ ಕ್ರಮ ಬೇರೆ. 2024ರ ತಿದ್ದುಪಡಿ ಕಾನೂನಿನಂತೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು. ಕಾನೂನು ಎಷ್ಟಿರಬೇಕು ಎಂದು ಹೇಳಿದೆ, ಬಿರಿಯಾನಿಯ ಫೋಟೋದ ಮುಂದಿರಬೇಕೋ ಹಿಂದಿರಬೇಕೋ ಎಂದು ಬಿಡಿಸಿ ಹೇಳಿಲ್ಲ. ಹೀಗಾಗಿ ಕೆಲವು ಫಲಕಗಳಲ್ಲಿ ಶೇ 60 ಕನ್ನಡ ಖಂಡಿತ ಇದೆ. ಕೋಳಿಯ ಕಾಲನ್ನು ಪಕ್ಕಕ್ಕೆ ಸರಿಸಿದರೆ ಕಾಣುತ್ತದೆ.

5. ಕಣ್ಣಿನ ವಿದ್ಯೆ

ಲೇಯರಿನ ಪಕ್ಕದಲ್ಲಿ ಸಣ್ಣದೊಂದು ಕಣ್ಣಿನ ಗುರುತು ಇರುತ್ತದೆ. ಅದನ್ನು ಒತ್ತಿದರೆ ಲೇಯರ್ ಮಾಯ, ಮತ್ತೆ ಒತ್ತಿದರೆ ಪ್ರತ್ಯಕ್ಷ. ಇಡೀ ಶಾಸ್ತ್ರದ ತಿರುಳು ಇಲ್ಲಿದೆ. ಕೊಡಿಗೇಹಳ್ಳಿ ಪದ್ಧತಿಯಲ್ಲಿ ಡಿಲೀಟ್ ಎಂಬುದೇ ಇಲ್ಲ. ಪಕ್ಷ ಬಿಟ್ಟವರನ್ನು, ಚಂದಾ ಕೊಡದವರನ್ನು, ಜೈಲಿಗೆ ಹೋದವರನ್ನು ಕಣ್ಣು ಮುಚ್ಚಿಸಿ ಅಲ್ಲೇ ಇರಿಸಲಾಗುತ್ತದೆ. ಮುಂದಿನ ಚುನಾವಣೆಗೆ ಅವರು ವಾಪಸ್ ಬರುತ್ತಾರೆ ಎಂಬುದು ಆಪರೇಟರಿಗೆ ಅವರಿಗಿಂತ ಮೊದಲೇ ಗೊತ್ತಿರುತ್ತದೆ. ಹಳೆಯ ಫೈಲಿನ ತೂಕ ಹೆಚ್ಚಿ ಸಿಸ್ಟಂ ಹ್ಯಾಂಗ್ ಆದರೆ ಅದು ಆ ಭಾಗದ ರಾಜಕೀಯ ಪ್ರಬುದ್ಧತೆಯ ಲಕ್ಷಣ.

ಒಂದೇ ಫೈಲಿನಲ್ಲಿ ‘ಜನ್ಮದಿನದ ಶುಭಾಶಯಗಳು’ ಮತ್ತು ‘ಭಾವಪೂರ್ಣ ಶ್ರದ್ಧಾಂಜಲಿ’ ಎರಡನ್ನೂ ಎರಡು ಲೇಯರುಗಳಲ್ಲಿ ಸಿದ್ಧವಿಡುವುದು ಜಾಣತನ. ಫೋಟೋ ಒಂದೇ, ಹೂವೂ ಒಂದೇ, ಬೇಕಾದ ಕಣ್ಣನ್ನು ತೆರೆದರಾಯಿತು. ಆದರೆ ಕಳಿಸುವ ಮುಂಚೆ ಎರಡು ಸಲ ನೋಡಬೇಕು. ಎರಡೂ ಕಣ್ಣು ತೆರೆದ ಫೈಲು ಪ್ಲಾಟರಿಗೆ ಹೋದರೆ ಅಂಗಡಿಗೆ ಬೀಗ ಹಾಕಿ ಎರಡು ದಿನ ಊರಿಗೆ ಹೋಗುವುದು ವಾಡಿಕೆ.

ಮದುವೆಯ ಕರೆಯೋಲೆಗಳಲ್ಲಿ ಈ ವಿದ್ಯೆ ತುತ್ತತುದಿ ಮುಟ್ಟುತ್ತದೆ. ಒಂದೇ ಪುಟವನ್ನು ಹಲವು ಭಾಷೆಗಳಲ್ಲಿ ಹೊರತರಬೇಕಾದಾಗ ಭಾಷೆಗೊಂದು ಲೇಯರ್ ಇಡಿ ಎಂದು ವಿದೇಶಿ ಕೈಪಿಡಿಗಳು ಹೇಳುತ್ತವೆ. ನಮ್ಮಲ್ಲಿ ಭಾಷೆ ಒಂದೇ, ಸಂಬಂಧಗಳು ಹಲವು. ಆಸ್ತಿಯ ಜಗಳದಲ್ಲಿರುವ ಚಿಕ್ಕಪ್ಪನಿಗೊಂದು ಲೇಯರ್. ಅವರ ಕಡೆ ಹಂಚುವ ನೂರು ಕಾರ್ಡುಗಳಲ್ಲಿ ‘ಸುಖಾಗಮನ ಬಯಸುವವರು’ ಎಂಬುದರ ಕೆಳಗೆ ಅವರ ಹೆಸರು ಮೊದಲು ಬರುತ್ತದೆ, ಉಳಿದ ನಾನೂರರಲ್ಲಿ ಬರುವುದೇ ಇಲ್ಲ. ಛತ್ರದ ಬಾಗಿಲಲ್ಲಿ ಎರಡೂ ಬಗೆಯ ಕಾರ್ಡು ಹಿಡಿದ ಇಬ್ಬರು ಅಕ್ಕಪಕ್ಕ ನಿಂತರೆ ಆಗುವುದಕ್ಕೆ ಶಾಸ್ತ್ರ ಹೊಣೆಯಲ್ಲ.

ಇನ್‌ಡಿಸೈನಿನಲ್ಲಿ ಇನ್ನೊಂದು ಬಗೆಯ ಲೇಯರ್ ಇದೆ. ಅದನ್ನು ಮುದ್ರಿಸಬೇಡ ಎಂದು ಗುರುತು ಹಾಕಿಡಬಹುದು. ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಕಾಗದದ ಮೇಲೆ ಬರುವುದಿಲ್ಲ. 2018ರ ಆಗಸ್ಟಿನಲ್ಲಿ ಹೈಕೋರ್ಟಿನ ಚಾಟಿಯೇಟಿನ ನಂತರ ಬಿಬಿಎಂಪಿ ತಂದ ಫ್ಲೆಕ್ಸ್ ನಿಷೇಧವನ್ನು ವಿದ್ಯಾರ್ಥಿಗಳಿಗೆ ಇದರ ಉದಾಹರಣೆಯಾಗಿ ಪಾಠ ಮಾಡಬಹುದು.

6. ಗುಂಪು ಮತ್ತು ಬಿಡಿ

ಕೋರಲ್‌ಡ್ರಾದಲ್ಲಿ ಕಂಟ್ರೋಲ್ ಜಿ ಒತ್ತಿದರೆ ವಸ್ತುಗಳು ಗುಂಪಾಗುತ್ತವೆ, ಕಂಟ್ರೋಲ್ ಯು ಒತ್ತಿದರೆ ಬಿಡಿಯಾಗುತ್ತವೆ. ಗುಂಪನ್ನು ಬಿಡಿಸಿದಾಗ ಗುಂಪಿಗೆ ಕೊಟ್ಟ ಹೆಸರು ಅಳಿಸಿಹೋಗುತ್ತದೆ, ವಸ್ತುಗಳು ಇದ್ದಲ್ಲೇ ಇರುತ್ತವೆ. ಈ ಆಜ್ಞೆಗಳ ಅತಿದೊಡ್ಡ ಪ್ರಯೋಗ ನಡೆದದ್ದು ನಮ್ಮ ಊರಿನ ಮೇಲೆಯೇ. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಜೊತೆಗೆ ಬ್ಯಾಟರಾಯನಪುರ, ಯಲಹಂಕ ಸೇರಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಆಯ್ದು ಸರ್ಕಾರ ಕಂಟ್ರೋಲ್ ಜಿ ಒತ್ತಿತು. ತಂತ್ರಾಂಶದ ಲೆಕ್ಕದಲ್ಲಿ ‘119 ವಸ್ತುಗಳ ಗುಂಪು’. ಅದಕ್ಕೆ ಬಿಬಿಎಂಪಿ ಎಂದು ಹೆಸರಾಯಿತು. 2025ರ ಸೆಪ್ಟೆಂಬರಿನಲ್ಲಿ ಕಂಟ್ರೋಲ್ ಯು ಒತ್ತಲಾಯಿತು. ಐದು ಪಾಲಿಕೆಗಳಾದವು, ಗುಂಪಿನ ಹೆಸರು ಹೋಯಿತು, ರಸ್ತೆಗುಂಡಿಗಳು ಇದ್ದಲ್ಲೇ ಇವೆ. ತಂತ್ರಾಂಶ ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಇದೇ ಸಂದರ್ಭದಲ್ಲಿ ಇನ್‌ಡಿಸೈನಿನ ‘ಪೇಸ್ಟ್ ರಿಮೆಂಬರ್ಸ್ ಲೇಯರ್ಸ್’ ಎಂಬ ಆಯ್ಕೆಯನ್ನೂ ತಿಳಿದಿರಬೇಕು. ಅದು ಚಾಲ್ತಿಯಲ್ಲಿದ್ದರೆ ಬೇರೆ ಫೈಲಿನಿಂದ ತಂದು ಅಂಟಿಸಿದ ವಸ್ತು ತನ್ನ ಹಳೆಯ ಲೇಯರನ್ನು ನೆನಪಿಟ್ಟುಕೊಂಡು ಜೊತೆಗೇ ತರುತ್ತದೆ. ಆಫ್ ಮಾಡಿಟ್ಟಿದ್ದರೆ ಎಲ್ಲವನ್ನೂ ಮರೆತು, ಸದ್ಯಕ್ಕೆ ಯಾವ ಲೇಯರ್ ಸಕ್ರಿಯವಾಗಿದೆಯೋ ಅದರಲ್ಲಿ ಹೋಗಿ ಕೂರುತ್ತದೆ. ಪಕ್ಷಾಂತರಿಗಳ ಫ್ಲೆಕ್ಸ್ ಮಾಡುವಾಗ ಇದನ್ನು ಆಫ್ ಮಾಡಿಯೇ ಇಡತಕ್ಕದ್ದು.

7. ಹಸ್ತಾಂತರ

ಆಪರೇಟರ್ ದೀಪಾವಳಿಗೆ ಊರಿಗೆ ಹೋದಾಗಲೇ ಪದ್ಧತಿಯ ನಿಜವಾದ ಬೆಲೆ ತಿಳಿಯುವುದು. ಬದಲಿಗೆ ಬಂದ ಹುಡುಗ ಫೈಲ್ ತೆರೆಯುತ್ತಾನೆ. ಯಾವ ಲೇಯರಿನಲ್ಲಿ ಯಾರಿದ್ದಾರೆಂದು ಕಂಡುಹಿಡಿಯಲು ಅವನಿಗಿರುವ ದಾರಿ ಒಂದೇ: ಒಂದೊಂದು ಕಣ್ಣನ್ನೂ ಮುಚ್ಚಿ, ಪುಟದಿಂದ ಯಾರು ಮಾಯವಾದರು ಎಂದು ನೋಡುವುದು. ಇಷ್ಟು ಹೊತ್ತಿಗೆ ಗಿರಾಕಿ ಬೆನ್ನ ಹಿಂದೆ ನಿಂತಿರುತ್ತಾರೆ. ತಮ್ಮ ನಾಯಕರು ಒಬ್ಬೊಬ್ಬರಾಗಿ ಕಣ್ಮರೆಯಾಗುವುದನ್ನು ನೋಡಿ ಅವರ ಮುಖ ಕೆಂಪಾಗುತ್ತದೆ. ಹುಡುಗ ಊರಿಗೆ ಫೋನ್ ಹಚ್ಚುತ್ತಾನೆ.

‘ಅಣ್ಣಾ, ಸಾಹೇಬ್ರ ಪೇಟ ತೆಗೀಬೇಕಂತೆ, ಯಾವ್ ಲೇಯರಲ್ಲಿದೆ?’

‘ಪೇಟ ಮುಟ್ಬೇಡ್ವೋ, ಅದ್ರ ಜೊತೆ ತಲೆನೂ ಬರ್ತದೆ. ನಾನ್ ಸೋಮ್ವಾರ ಬಂದ್ ಮಾಡ್ತೀನಿ ಅನ್ನು.’

ಸೋಮವಾರದವರೆಗೆ ಕಾರ್ಯಕ್ರಮವನ್ನೇ ಮುಂದೂಡಿದ ನಿದರ್ಶನಗಳುಂಟು ಎಂದು ಈ ರಸ್ತೆಯ ಆಪರೇಟರುಗಳೆಲ್ಲರೂ ಒಕ್ಕೊರಲಿನಿಂದ ಹೇಳುತ್ತಾರೆ. ನಂಬದಿರಲು ಕಾರಣವಿಲ್ಲ. ಕಚೇರಿಗಳಲ್ಲಿ ‘ಆ ಸೀಟಿನವರು ರಜೆಯಲ್ಲಿದ್ದಾರೆ’ ಎಂಬ ಒಂದು ವಾಕ್ಯದ ಮೇಲೆ ಖಾತೆಗಳು, ನಕ್ಷೆಗಳು, ಪಿಂಚಣಿಗಳು ತಿಂಗಳುಗಟ್ಟಲೆ ನಿಂತಿರುವಾಗ ಒಂದು ಪೇಟಕ್ಕೆ ಸೋಮವಾರದವರೆಗೆ ಕಾಯುವುದು ಹೆಚ್ಚಲ್ಲ. ಡಿಟಿಪಿಯವರು ಹೊಸದೇನನ್ನೂ ಕಂಡುಹಿಡಿದಿಲ್ಲ. ನಾಡಿನ ಆಡಳಿತ ಪದ್ಧತಿಯನ್ನು ಫೈಲ್ ರೂಪದಲ್ಲಿ ಸೇವ್ ಮಾಡಿದ್ದಾರೆ, ಅಷ್ಟೆ.

8. ಅಭ್ಯಾಸ

ವಿದ್ಯಾರ್ಥಿಗಳು ಈ ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಿ, ಉತ್ತರಪತ್ರಿಕೆಗೆ ಹೆಸರು ಬರೆಯದೆ ಒಪ್ಪಿಸತಕ್ಕದ್ದು.

ಅ) ಬೆಳಗ್ಗೆ ಒಂದು ಪಕ್ಷದಲ್ಲಿ, ಸಂಜೆ ಇನ್ನೊಂದು ಪಕ್ಷದಲ್ಲಿ ಇದ್ದ ಮುಖಂಡರ ಸ್ವಾಗತದ ಫ್ಲೆಕ್ಸಿನಲ್ಲಿ ಶಾಲಿನ ಬಣ್ಣ ಬದಲಿಸಬೇಕಿದೆ. ಶಾಲು ‘ಲೇಯರ್ 31’, ಮುಖಂಡರು ‘ಲೇಯರ್ 31 ಕಾಪಿ’. ಇಬ್ಬರಲ್ಲಿ ಯಾರು ಮೂಲ, ಯಾರು ನಕಲು? ಚರ್ಚಿಸಿ.

ಆ) ಚಿಕ್ಕಪ್ಪ ರಾಜಿಯಾಗಿದ್ದಾರೆ, ದೊಡ್ಡಪ್ಪ ಮುನಿದಿದ್ದಾರೆ. ಕಾರ್ಡು ಮುದ್ರಣವಾಗಿದೆ. ಬಿಳಿ ಸ್ಟಿಕ್ಕರನ್ನು ಲೇಯರ್ ಎಂದು ಪರಿಗಣಿಸಬಹುದೇ?

ಇ) ನೂರಿಪ್ಪತ್ತು ಲೇಯರ್‌ಗಳಿರುವ ಹಬ್ಬದ ಫ್ಲೆಕ್ಸಿನ ಫೈಲಿನಲ್ಲಿ ಆಪರೇಟರ್ ಸ್ವಂತ ಕೈಯಿಂದ ಹೆಸರಿಟ್ಟಿರುವುದು ಒಂದೇ ಒಂದು ಗುಂಪಿಗೆ: ‘ಬಾಕಿ ಕೊಟ್ಟಿಲ್ಲ’. ಅದರೊಳಗೆ ಯಾರ್‍ಯಾರು ಇರಬಹುದು? (ಸುಳಿವು: ಒಬ್ಬೊಬ್ಬರನ್ನೇ ಹುಡುಕುತ್ತ ಕೂರಬೇಡಿ, ಸೆಲೆಕ್ಟ್ ಆಲ್ ಒತ್ತಿ.)